ಇಟ್ಟದ್ದು ಇಟ್ಟಲ್ಲಿರಲಿಲ್ಲ: ಒಂದು ವರ್ಷನ್ ಕಂಟ್ರೋಲ್ ಪ್ರಕರಣ

ಗ್ರಾಹಕರಿಂದ ಬಂದ ದೂರು ಎರಡೇ ಸಾಲಿನದು. ಹಿಂದಿನ ರಿಲೀಸ್‌ನಲ್ಲಿ ಸರಿಮಾಡಿದ್ದೇವೆ ಎಂದು ನಾವೇ ಬರೆದುಕೊಟ್ಟಿದ್ದ ತಪ್ಪು ಮತ್ತೆ ಕಾಣಿಸಿಕೊಂಡಿತ್ತು. ಬಿಲ್ಲಿನ ಸಾಲುಗಳನ್ನು ಕೂಡಿಸಿದರೆ ಬರುವ ಮೊತ್ತವೇ ಬೇರೆ, ಕೆಳಗೆ ಅಚ್ಚಾಗುವ ಮೊತ್ತವೇ ಬೇರೆ. ಆ ತಪ್ಪನ್ನು ತಿದ್ದಿದ್ದವರು ತಂಡಕ್ಕೆ ಸೇರಿ ಆರು ತಿಂಗಳಾಗಿದ್ದ ಕಿರಿಯ ಸಹೋದ್ಯೋಗಿ. "ನಾನು ಚೆಕ್‌ಇನ್ ಮಾಡಿದ್ದೇನೆ ಸರ್, ಚೆನ್ನಾಗಿ ನೆನಪಿದೆ" ಎಂದರು. ಚೆಕ್‌ಇನ್ ಎಂದರೆ ಬದಲಿಸಿದ ಫೈಲನ್ನು ತಂಡದ ಕೋಡೆಲ್ಲ ಇರುವ ಸಾಮಾನ್ಯ ಸಂಗ್ರಹಕ್ಕೆ, ಅಂದರೆ ರೆಪಾಸಿಟರಿಗೆ, ಸೇರಿಸುವುದು. ಅದರ ಇತಿಹಾಸ ತೆಗೆದು ನೋಡಿದೆವು. ಅವರು ಬದಲಿಸಿದ್ದ ಮೂರು ಫೈಲ್‌ಗಳಲ್ಲಿ ಒಂದರ ಮುಂದೆ ಮಾತ್ರ ಅವರ ಹೆಸರಿತ್ತು. ಉಳಿದೆರಡು ಹಳೆಯ ರೂಪದಲ್ಲೇ ಇದ್ದವು.

"ಮರೆತಿರುತ್ತೀರಿ, ಮುಂದಿನ ಸಲ ನೋಡಿಕೊಂಡು ಮಾಡಿ" ಎಂದವನು ನಾನೇ. ಅವರು ಮತ್ತೆ ವಾದಿಸಲಿಲ್ಲ, ತಮ್ಮ ಜಾಗಕ್ಕೆ ಹೋಗಿ ಕುಳಿತರು. ಆ ಮಾತು ಎಷ್ಟು ತಪ್ಪಾಗಿತ್ತು ಎಂದು ನನಗೆ ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನಡೆದದ್ದನ್ನೂ ಆಮೇಲೆ ನಾವು ಮಾಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವ್ಯವಸ್ಥೆ ಹೇಗಿತ್ತು

ನಮ್ಮದು ದಾಸ್ತಾನು ಮತ್ತು ಬಿಲ್ಲಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್. ಒಂಬತ್ತು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು. ಕೋಡಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂದು ಉಳಿಸಿಡುವ ವರ್ಷನ್ ಕಂಟ್ರೋಲ್ ವ್ಯವಸ್ಥೆ ನಾವ್ಯಾರೂ ಸೇರುವ ಮೊದಲೇ ಬಂದು ಕೂತಿತ್ತು. ಅದರ ಹೆಸರು ಏನಾದರೂ ಇರಲಿ, ರಚನೆಯನ್ನು ಮಾತ್ರ ಹೇಳಲೇಬೇಕು.

ರೆಪಾಸಿಟರಿ ಎಂದರೆ ಫೈಲ್ ಸರ್ವರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಒಂದು ಫೋಲ್ಡರ್, ಅಷ್ಟೆ. ಅದರ ಮುಂದೆ ಕಾವಲಿಗೆ ಯಾವ ಪ್ರೋಗ್ರಾಮೂ ಇರಲಿಲ್ಲ. ಒಬ್ಬೊಬ್ಬರ ಕಂಪ್ಯೂಟರಿನಲ್ಲಿದ್ದ ಕ್ಲೈಂಟ್ ಪ್ರೋಗ್ರಾಂ ನೆಟ್‌ವರ್ಕ್ ಮೂಲಕ ನೇರವಾಗಿ ಆ ಫೋಲ್ಡರಿಗೆ ಕೈಹಾಕಿ, ಫೈಲ್ ತೆರೆದು, ಬರೆದು, ಮುಚ್ಚುತ್ತಿತ್ತು. ಲೆಕ್ಕದ ಪುಸ್ತಕವನ್ನು ಗುಮಾಸ್ತರ ಕೈಗೆ ಕೊಡದೆ ಮೇಜಿನ ಮೇಲೆ ಬಿಟ್ಟು, ಬಂದವರೆಲ್ಲ ತಾವೇ ಬರೆದುಕೊಂಡು ಹೋಗಲಿ ಎಂದ ಹಾಗೆ. ಬರೆಯುತ್ತಿರುವಾಗಲೇ ಒಬ್ಬರನ್ನು ಯಾರೋ ಎಳೆದುಕೊಂಡು ಹೋದರೆ ಪುಟ ಅರ್ಧಕ್ಕೇ ನಿಲ್ಲುತ್ತದೆ. ಅದು ಅರ್ಧ ಎಂದು ಗುರುತಿಸುವವರೂ ಅಲ್ಲಿ ಇಲ್ಲ.

ಮೂರು ಫೈಲ್ ಚೆಕ್‌ಇನ್ ಮಾಡಿದರೆ ಕ್ಲೈಂಟ್ ಒಂದಾದ ಮೇಲೊಂದನ್ನು ತೆಗೆದುಕೊಳ್ಳುತ್ತಿತ್ತು. ಮೊದಲು ಬದಲಾವಣೆಯನ್ನು ಒಂದು ಕಡತಕ್ಕೆ ಸೇರಿಸಿ, ಆ ಫೈಲಿನ ಇತಿಹಾಸವನ್ನು ಇನ್ನೊಂದರಲ್ಲಿ ಬರೆದು, ಸೂಚಿಯನ್ನು ತಿದ್ದಿ, ಬೇರೆಯವರು ಮುಟ್ಟದಂತೆ ಹಾಕಿದ್ದ ಲಾಕ್ ಬಿಡಿಸಿ, ಆಮೇಲೆ ಮುಂದಿನ ಫೈಲಿಗೆ ಹೋಗುತ್ತಿತ್ತು. ಮೂರೂ ಸೇರಿ ಒಂದೇ ಕೆಲಸ ಎಂಬ ಕಲ್ಪನೆಯೇ ಅದಕ್ಕಿರಲಿಲ್ಲ. ಇದು ಆ ಕಾಲದ ಹಲವು ವ್ಯವಸ್ಥೆಗಳಲ್ಲಿದ್ದ ಕೊರತೆ. ಸಿವಿಎಸ್ ಎಂಬ ಹಳೆಯ ವ್ಯವಸ್ಥೆಯಲ್ಲೂ ಹಲವು ಫೈಲ್‌ಗಳ ಕಮಿಟ್ (ಚೆಕ್‌ಇನ್‌ಗೆ ಇನ್ನೊಂದು ಹೆಸರು) ಎಲ್ಲವೂ ಸೇರುವುದು ಇಲ್ಲವೇ ಯಾವುದೂ ಸೇರದಿರುವುದು ಎಂಬ ಖಾತ್ರಿ ಕೊಡುತ್ತಿರಲಿಲ್ಲ. 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್ ಎಂಬ ವ್ಯವಸ್ಥೆಯ ಮುಖ್ಯ ಗುರಿಗಳಲ್ಲಿ ಈ ಖಾತ್ರಿಯೂ ಒಂದಾಗಿತ್ತು. ಅಂದರೆ ನಾವು ಅನುಭವಿಸುತ್ತಿದ್ದ ತೊಂದರೆಗೆ ಮದ್ದು ಸಿಕ್ಕಿ ಎಷ್ಟೋ ವರ್ಷಗಳಾಗಿದ್ದವು. ನಾವು ಕಾಯಿಲೆಯನ್ನು ಕಾಯಿಲೆ ಎಂದು ಕರೆದಿರಲಿಲ್ಲ, ಅಷ್ಟೆ.

ಟೆಸ್ಟರ್ ಒಬ್ಬರ ನೋಟ್‌ಬುಕ್

ಕಿರಿಯ ಸಹೋದ್ಯೋಗಿಯ ಘಟನೆಯಾದ ಮರುದಿನ ನಮ್ಮ ಟೆಸ್ಟರ್‌ಗಳಲ್ಲಿ ಹಿರಿಯರಾದವರು ಒಂದು ನೋಟ್‌ಬುಕ್ ಶುರುಮಾಡಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಸರಿಯಾಗಿದೆ ಎಂದು ಕೊಟ್ಟ ಬಗ್ ಬಿಲ್ಡ್‌ನಲ್ಲಿ (ಕೋಡಿನಿಂದ ಕಟ್ಟಿದ ಪ್ರೋಗ್ರಾಮಿನಲ್ಲಿ) ಹಾಗೇ ಉಳಿದಿರುವುದನ್ನು ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದವರು ಅವರೇ. ಪ್ರತಿ ಸಲವೂ "ಡೆವಲಪರ್ ಮರೆತಿದ್ದಾರೆ" ಎಂಬ ವಿವರಣೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ. "ಒಂಬತ್ತು ಜನರೂ ಒಂದೇ ಥರ ಮರೆಯುವುದು ಹೇಗೆ?" ಎಂಬುದು ಅವರ ಪ್ರಶ್ನೆ. ದಿನ, ಹೊತ್ತು, ಯಾರ ಕಂಪ್ಯೂಟರ್, ಯಾವ ಫೈಲ್, ಏನಾಗಬೇಕಿತ್ತು, ಏನಾಯಿತು ಎಂದು ಆರು ಕಾಲಂ ಹಾಕಿ ಬರೆಯತೊಡಗಿದರು.

ನಾಲ್ಕು ತಿಂಗಳಲ್ಲಿ 63 ನಮೂದುಗಳಾದವು. ಅದರಲ್ಲಿ 11 ಅರ್ಧ ಚೆಕ್‌ಇನ್‌ಗಳು. ಹೆಚ್ಚಿನವು ಲಾಕ್ ಉಳಿದುಬಿಟ್ಟ ಪ್ರಕರಣಗಳು: ಕ್ಲೈಂಟ್ ನಡುವೆ ನಿಂತುಹೋದರೆ ಫೈಲ್ ಆ ವ್ಯಕ್ತಿಯ ಹೆಸರಿನಲ್ಲೇ ಬೀಗ ಬಿದ್ದು ಉಳಿಯುತ್ತಿತ್ತು. ಅವರು ರಜೆಯಲ್ಲಿದ್ದರೆ ಅಡ್ಮಿನ್ ಪಾಸ್‌ವರ್ಡ್ ಹಿಡಿದು ಬಿಡಿಸಬೇಕಿತ್ತು. ಇವು ಕಿರಿಕಿರಿ, ನಿಜ. ಆದರೆ ಕಣ್ಣಿಗೆ ಕಾಣುವ ಕಿರಿಕಿರಿ. ನನ್ನ ನಿದ್ದೆ ಕೆಡಿಸಿದ್ದು ಬೇರೆ ಎರಡು.

ಒಂದು, ಗಡಿಯಾರ. ಚೆಕ್‌ಇನ್ ಆದ ಹೊತ್ತನ್ನು ದಾಖಲಿಸುತ್ತಿದ್ದದ್ದು ಕ್ಲೈಂಟ್, ಅಂದರೆ ಆಯಾ ಕಂಪ್ಯೂಟರಿನ ಗಡಿಯಾರ. ಒಬ್ಬರ ಕಂಪ್ಯೂಟರ್ 11 ನಿಮಿಷ ಮುಂದಿತ್ತು. ಅವರು ಹತ್ತೂವರೆಗೆ ಮಾಡಿದ ಚೆಕ್‌ಇನ್ 10:41 ಎಂದು ದಾಖಲಾಗುತ್ತಿತ್ತು. ಅದರ ಮೇಲೆ ಇನ್ನೊಬ್ಬರು 10:35ಕ್ಕೆ ಮಾಡಿದ್ದು ದಾಖಲೆಯಲ್ಲಿ ಅದಕ್ಕಿಂತ ಮೊದಲಿನದಾಗುತ್ತಿತ್ತು. "ಇಂಥ ದಿನ ಇಂಥ ಹೊತ್ತಿನಲ್ಲಿ ಇದ್ದ ಕೋಡ್ ಕೊಡು" ಎಂದು ಕೇಳಿದರೆ ಬರುತ್ತಿದ್ದದ್ದು ಯಾವ ಹೊತ್ತಿನಲ್ಲೂ ಯಾರ ಬಳಿಯೂ ಇಲ್ಲದಿದ್ದ ಒಂದು ಮಿಶ್ರಣ.

ಇನ್ನೊಂದು, ಶುಕ್ರವಾರದ ರಿಪೇರಿ. ವ್ಯವಸ್ಥೆಯ ಜತೆಗೇ ಒಂದು ರಿಪೇರಿ ಪ್ರೋಗ್ರಾಂ ಬಂದಿತ್ತು. ಎಲ್ಲರೂ ಕ್ಲೈಂಟ್ ಮುಚ್ಚಿ ಹೋದ ಮೇಲೆ ಅದನ್ನು ಓಡಿಸಬೇಕು. ಕೊನೆಯಲ್ಲಿ ಅದು "ದೋಷಗಳನ್ನು ಸರಿಪಡಿಸಲಾಗಿದೆ" ಎಂಬ ಸಾಲು ತೋರಿಸುತ್ತಿತ್ತು, ನಾವು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆವು. ನೋಟ್‌ಬುಕ್ಕಿನಲ್ಲಿ ಗುರುವಾರ ಇದ್ದು ಸೋಮವಾರ ಇಲ್ಲದ ನಮೂದುಗಳು ಕಾಣತೊಡಗಿದಾಗ ರಿಪೇರಿಯ ಲಾಗ್ ಸಾಲು ಸಾಲಾಗಿ ಓದಿದೆ. ಸೂಚಿಗೂ ಇತಿಹಾಸಕ್ಕೂ ಹೊಂದಾಣಿಕೆಯಾಗದ ನಮೂದು ಸಿಕ್ಕರೆ ಅದು ಆ ನಮೂದನ್ನೇ ತೆಗೆದುಹಾಕುತ್ತಿತ್ತು. ಅದರ ಭಾಷೆಯಲ್ಲಿ ಸರಿಪಡಿಸುವುದು ಎಂದರೆ ಅದು. ಕಿರಿಯ ಸಹೋದ್ಯೋಗಿಯ ಎರಡು ಫೈಲ್‌ಗಳ ಹೆಸರು ಹಳೆಯ ಲಾಗೊಂದರಲ್ಲಿ ಸಿಕ್ಕವು. ಅವರು ಚೆಕ್‌ಇನ್ ಮಾಡಿದ್ದರು. ಅದು ಅರ್ಧಕ್ಕೆ ಕೆಟ್ಟಿತ್ತು, ಆ ವಾರದ ಕೊನೆಗೆ ನಾವೇ ಅದನ್ನು ಗುಡಿಸಿ ಹಾಕಿದ್ದೆವು.

ಅವತ್ತೇ ಅವರ ಬಳಿ ಹೋಗಿ ಲಾಗ್ ತೋರಿಸಿ ಕ್ಷಮೆ ಕೇಳಿದೆ. "ನನಗೇ ನನ್ನ ಮೇಲೆ ಅನುಮಾನ ಬಂದಿತ್ತು ಸರ್" ಎಂದರು. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಟ್ಟ ವಾಕ್ಯ ಅದು.

ಜನ ಕಂಡುಕೊಂಡ ದಾರಿಗಳು

ಉಪಕರಣವನ್ನು ನಂಬಲಾಗದಿದ್ದಾಗ ಜನ ಸುಮ್ಮನೆ ಕೂರುವುದಿಲ್ಲ, ತಮ್ಮ ತಮ್ಮ ರಕ್ಷಣೆ ತಾವೇ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರದ್ದು ಒಂದೊಂದು ರೀತಿ. ಒಬ್ಬರು ಪ್ರತಿ ಸಂಜೆ ಇಡೀ ಫೋಲ್ಡರನ್ನು ಜಿಪ್ ಮಾಡಿ ದಿನಾಂಕ ಹಾಕಿ ಇಡುತ್ತಿದ್ದರು. ಇನ್ನೊಬ್ಬರು ಬದಲಿಸಿದ ಫೈಲ್‌ಗಳನ್ನು ತಮಗೆ ತಾವೇ ಮೇಲ್ ಮಾಡಿಕೊಳ್ಳುತ್ತಿದ್ದರು. ಹಳೆಯ ಸಾಲುಗಳನ್ನು ಅಳಿಸದೆ, ಕಂಪ್ಯೂಟರ್ ಓಡಿಸದಂತೆ ಕಾಮೆಂಟ್ ಮಾಡಿ ಅಲ್ಲೇ ಉಳಿಸುವುದು ಎಲ್ಲರ ರೂಢಿಯಾಗಿತ್ತು. ಒಂದು ಫೈಲಿನಲ್ಲಿ ಜೀವಂತ ಕೋಡಿಗಿಂತ ಕಾಮೆಂಟ್ ಆದ ಕೋಡೇ ಹೆಚ್ಚಿತ್ತು. ಹೊಸಬರು ಅದನ್ನು ಓದಿ ತಬ್ಬಿಬ್ಬಾದರೆ ಆಶ್ಚರ್ಯವೇನು?

ಚೆಕ್‌ಇನ್ ಮಾಡುವಾಗ "ನಾನು ಹಾಕ್ತಿದ್ದೀನಿ, ಯಾರೂ ಮುಟ್ಟಬೇಡಿ" ಎಂದು ಕೂಗಿ ಹೇಳುವುದು ಶುರುವಾಗಿತ್ತು. ಉಳಿದವರು ಕೀಬೋರ್ಡಿನಿಂದ ಕೈ ತೆಗೆದು ಕಾಯುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಎಂದರೆ ಚೆಕ್‌ಇನ್‌ಗಳೇ ಕಡಿಮೆಯಾದದ್ದು. ದಿನಕ್ಕೊಮ್ಮೆ ಮಾಡುತ್ತಿದ್ದವರು ವಾರಕ್ಕೊಮ್ಮೆ, ಆಮೇಲೆ ರಿಲೀಸ್‌ಗೆ ಎರಡು ದಿನ ಮೊದಲು. ಹೆಚ್ಚು ಸಲ ಮಾಡಿದಷ್ಟೂ ಕೆಡುವ ಸಾಧ್ಯತೆ ಹೆಚ್ಚು ಎಂಬುದು ಅವರ ಲೆಕ್ಕ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಎಲ್ಲರೂ ರಿಲೀಸ್ ಹೊತ್ತಿಗೇ ನೂರಾರು ಫೈಲ್ ತಂದು ಸುರಿದಾಗ ಅದೇ ನೆಟ್‌ವರ್ಕ್, ಅದೇ ಫೋಲ್ಡರ್ ಮೇಲೆ ಒತ್ತಡ ಬಿದ್ದು ಅರ್ಧ ಚೆಕ್‌ಇನ್‌ಗಳು ಇನ್ನೂ ಹೆಚ್ಚುತ್ತಿದ್ದವು. ಭಯಕ್ಕೆ ಮಾಡಿದ ಕೆಲಸವೇ ಭಯವನ್ನು ಸಾಕುತ್ತಿತ್ತು.

ಇದನ್ನೆಲ್ಲ ಹೊರಗಿನಿಂದ ನೋಡಿದ ಮ್ಯಾನೇಜರ್‌ಗೆ ಕಂಡದ್ದು ಶಿಸ್ತಿಲ್ಲದ ತಂಡ. ಚೆಕ್‌ಇನ್ ಮಾಡುವ ಮೊದಲು ತುಂಬಬೇಕಾದ ಒಂದು ಫಾರಂ ಬಂತು, ಆಮೇಲೆ ಹಿರಿಯರೊಬ್ಬರ ಸಹಿ. ಅವರನ್ನು ನಾನು ದೂರುವುದಿಲ್ಲ. ಅವರ ಮುಂದೆ ಬೇರೆ ಪುರಾವೆ ಇರಲಿಲ್ಲ. ಆದರೆ ನೆಟ್‌ವರ್ಕ್ ತುಂಡಾಗಿ ಕೆಟ್ಟ ಕಡತವನ್ನು ಸಹಿ ಸರಿಮಾಡುವುದಿಲ್ಲ.

ಕೇಬಲ್ ಕಿತ್ತು ನೋಡಿದ್ದು

ಪುರಾವೆ ನಾವೇ ಮಾಡಬೇಕು ಎಂದು ತೀರ್ಮಾನಿಸಿದೆ. ರೆಪಾಸಿಟರಿಯ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಹಂಚಿದ ಫೋಲ್ಡರಾಗಿ ಇಟ್ಟು, ನನ್ನ ಕಂಪ್ಯೂಟರಿನಿಂದ 40 ಫೈಲ್‌ಗಳನ್ನು ಒಟ್ಟಿಗೆ ಚೆಕ್‌ಇನ್ ಮಾಡುತ್ತಾ ನಡುವೆ ನೆಟ್‌ವರ್ಕ್ ಕೇಬಲ್ ಕಿತ್ತೆ. ಹಾಗೆ 20 ಸಲ. ಪ್ರತಿ ಸಲವೂ ಒಂದಷ್ಟು ಫೈಲ್ ಸೇರಿ ಒಂದಷ್ಟು ಹೊರಗುಳಿದವು, ಅದು ನಿರೀಕ್ಷಿತವೇ. ಆದರೆ 7 ಸಲ ತುಂಡಾದ ಜಾಗದಲ್ಲಿದ್ದ ಫೈಲಿನ ಇತಿಹಾಸವೂ ಸೂಚಿಯೂ ಒಂದಕ್ಕೊಂದು ಹೊಂದಲಿಲ್ಲ. ಎರಡು ಸಲ ಆ ಫೈಲಿನ ಹಿಂದಿನ ಆವೃತ್ತಿಗಳೂ ತೆರೆಯಲಿಲ್ಲ. ಹೊಸದನ್ನು ಸೇರಿಸಲು ಹೋಗಿ ಹಳೆಯದೂ ಹೋಯಿತು.

ಕ್ಲೈಂಟ್ ತೋರಿಸಿದ ಸಂದೇಶ ಏನು? ಹೆಚ್ಚಿನ ಸಲ ಒಂದು ಸಂಖ್ಯೆ, ಮತ್ತು ಫೈಲ್ ಓದಲಾಗಲಿಲ್ಲ ಎಂಬ ಸಾಲು. ಮತ್ತೆ ಪ್ರಯತ್ನಿಸಿದರೆ ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಿತ್ತು. ಬಳಸುವವರು ಕೆಲಸ ಆಯಿತು ಎಂದುಕೊಳ್ಳುವುದು ಸಹಜ.

ನಮ್ಮ ನೆಟ್‌ವರ್ಕ್ ದಿನವೂ ತುಂಡಾಗುತ್ತಿರಲಿಲ್ಲವಲ್ಲ, ಹಾಗಾದರೆ 63 ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಆಂಟಿವೈರಸ್‌ನಲ್ಲಿ. ಫೈಲ್ ಸರ್ವರ್‌ನ ಆಂಟಿವೈರಸ್ ಹೊಸದಾಗಿ ಬರೆದ ಪ್ರತಿ ಫೈಲನ್ನೂ ತಪಾಸಣೆಗಾಗಿ ಕ್ಷಣಕಾಲ ತೆರೆದು ಹಿಡಿಯುತ್ತಿತ್ತು. ಅದೇ ಕ್ಷಣದಲ್ಲಿ ಕ್ಲೈಂಟ್ ಆ ಫೈಲಿನ ಹೆಸರು ಬದಲಿಸಲು ಹೋದರೆ ಸಾಧ್ಯವಾಗುತ್ತಿರಲಿಲ್ಲ. ರೆಪಾಸಿಟರಿಯ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟ ಮೇಲೆ ನಮೂದುಗಳು ಕಡಿಮೆಯಾದವು, ನಿಲ್ಲಲಿಲ್ಲ. ಮೂಲ ಇನ್ನೂ ಆಳದಲ್ಲಿತ್ತು: ಒಂಬತ್ತು ಕ್ಲೈಂಟ್‌ಗಳು ಒಂದೇ ಕಡತದ ಮೇಲೆ ನೇರವಾಗಿ ಬರೆಯುವ ರಚನೆಯಲ್ಲಿ.

ಮ್ಯಾನೇಜರ್ ಒಪ್ಪಿದ್ದು

ಕೇಬಲ್ ಪ್ರಯೋಗದ ಫಲಿತಾಂಶ ತೋರಿಸಿದೆ. ಅವರು ಗಮನವಿಟ್ಟು ಕೇಳಿದರು, ಆದರೆ ಬದಲಿಸುವ ಖರ್ಚು, ರಿಲೀಸ್ ತಡವಾಗುವ ಚಿಂತೆ ಅವರನ್ನು ಬಿಡಲಿಲ್ಲ. ಆಗ ಒಂದು ಕೆಲಸ ಕೇಳಿದೆ: "ಈಗ ಗ್ರಾಹಕರ ಬಳಿ ಓಡುತ್ತಿರುವ ಆವೃತ್ತಿಯನ್ನು, ಅದನ್ನು ಗುರುತಿಸಲು ರೆಪಾಸಿಟರಿಯಲ್ಲಿ ಹಾಕಿದ ಲೇಬಲ್‌ನಿಂದ ತೆಗೆದು ಮತ್ತೆ ಬಿಲ್ಡ್ ಮಾಡೋಣ ಸರ್. ನೀವೇ ಜತೆಗಿರಿ."

ಮೊದಲ ಸಲ ಬಿಲ್ಡ್ ಆಗಲೇ ಇಲ್ಲ, ಒಂದು ಫೈಲ್ ಕರೆಯುತ್ತಿದ್ದ ಫಂಕ್ಷನ್ ಇನ್ನೊಂದರಲ್ಲಿ ಇರಲಿಲ್ಲ. ಬಿಲ್ಡ್ ಕಂಪ್ಯೂಟರಿನಲ್ಲಿ ರಿಲೀಸ್ ದಿನದ ಫೋಲ್ಡರ್ ಅದೃಷ್ಟಕ್ಕೆ ಉಳಿದಿತ್ತು. ಅದರ ಜತೆ ಲೇಬಲ್‌ನಿಂದ ಬಂದದ್ದನ್ನು ಹೋಲಿಸಿದೆವು. 14 ಫೈಲ್‌ಗಳು ಬೇರೆಯಾಗಿದ್ದವು. ಗ್ರಾಹಕರು ದಿನವೂ ಬಿಲ್ ಹಾಕುತ್ತಿದ್ದ ಪ್ರೋಗ್ರಾಮಿನ ಮೂಲ ಕೋಡ್ ನಮ್ಮ ರೆಪಾಸಿಟರಿಯಲ್ಲಿ ಇರಲೇ ಇಲ್ಲ. ಅಳಿಸದೆ ಉಳಿದುಹೋದ ಒಂದು ಫೋಲ್ಡರಿನಲ್ಲಿ ಮಾತ್ರ ಇತ್ತು. ಮ್ಯಾನೇಜರ್ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ, "ಎಷ್ಟು ದಿನ ಬೇಕು?" ಎಂದರು. ಫಾರಂ ಮತ್ತು ಸಹಿಯನ್ನು ಅಂದೇ ನಿಲ್ಲಿಸಿದರು.

ಗಿಟ್‌ಗೆ ಬಂದದ್ದು

ಹೊಸ ವರ್ಷನ್ ಕಂಟ್ರೋಲ್ ವ್ಯವಸ್ಥೆಯಾಗಿ ಗಿಟ್ ಆರಿಸಿಕೊಂಡದ್ದಕ್ಕೆ ಅದು ಎಲ್ಲೆಡೆ ಬಳಕೆಯಲ್ಲಿದೆ ಎಂಬುದಕ್ಕಿಂತ ದೊಡ್ಡ ಕಾರಣವಿತ್ತು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗಾಗಿ ಅದನ್ನು ಬರೆಯುವಾಗಲೇ, ಒಳಗೆ ಹಾಕಿದ್ದೇ ಹೊರಗೆ ಬರುತ್ತದೆ ಎಂಬ ಖಾತ್ರಿಯನ್ನು ಬುಡದಲ್ಲೇ ಇಟ್ಟರು. ಪ್ರತಿ ವಸ್ತುವಿಗೂ ಅದರ ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಒಂದು ಹ್ಯಾಶ್‌ ಹೆಸರು. ಕಮಿಟ್‌ನ ಹ್ಯಾಶ್‌ನಲ್ಲಿ ಹಿಂದಿನ ಕಮಿಟ್‌ನ ಹ್ಯಾಶ್ ಸೇರಿರುತ್ತದೆ. ಎಲ್ಲೋ ಒಂದು ಬೈಟ್ ಕೆಟ್ಟರೆ ಹೆಸರಿಗೂ ಒಳಗಿರುವುದಕ್ಕೂ ತಾಳೆಯಾಗುವುದಿಲ್ಲ, ಪರೀಕ್ಷಿಸಿದ ಕೂಡಲೇ ಸಿಕ್ಕಿಬೀಳುತ್ತದೆ. ಕಮಿಟ್ ಮಾಡುವಾಗ ಫೈಲ್‌ಗಳ ಒಳಗಿನದನ್ನೆಲ್ಲ ಬರೆದು ಮುಗಿಸಿ, ಕಟ್ಟಕಡೆಗೆ ಬ್ರಾಂಚ್‌ನ (ಕಮಿಟ್‌ಗಳ ಒಂದು ಸರಣಿಯ) ಹೆಸರು ಹೊಸ ಕಮಿಟ್ ಕಡೆಗೆ ತಿರುಗುತ್ತದೆ. ನಡುವೆ ಏನೇ ನಿಂತರೂ ಬ್ರಾಂಚ್ ಹಳೆಯ ಕಮಿಟ್ ಮೇಲೆಯೇ ಇರುತ್ತದೆ. ನಮ್ಮ 11 ಅರ್ಧ ಚೆಕ್‌ಇನ್‌ಗಳಿಗೆ ಇಲ್ಲಿ ಜಾಗವೇ ಇಲ್ಲ.

ಗಿಟ್ ರೆಪೊವನ್ನೂ (ರೆಪಾಸಿಟರಿಯನ್ನೂ) ಅದೇ ಹಂಚಿದ ಫೋಲ್ಡರಿನಲ್ಲಿಟ್ಟರೆ ಸಾಕಲ್ಲ, ಹೊಸ ಸರ್ವರ್ ಯಾಕೆ ಎಂದು ಒಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಒಂಬತ್ತು ಕೈಗಳು ನೇರವಾಗಿ ಒಳಗೆ ಹೋಗುವ ದಾರಿಯನ್ನು ಮುಚ್ಚುವುದೇ ಈ ಕೆಲಸದ ಅರ್ಧ ಭಾಗ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಮಾತ್ರ ಪ್ರವೇಶ, ಬರೆಯುವುದು ಸರ್ವರ್‌ನಲ್ಲಿರುವ ಗಿಟ್ ಮಾತ್ರ ಎಂದು ಮಾಡಿದೆವು.

ಇತಿಹಾಸವನ್ನು ತರುವುದು ಎಲ್ಲಕ್ಕಿಂತ ಕಷ್ಟವಾಯಿತು. ಹಳೆಯದರಲ್ಲಿ ಇದ್ದದ್ದು ಫೈಲ್ ಫೈಲಿನ ಪ್ರತ್ಯೇಕ ಇತಿಹಾಸ. ಒಬ್ಬರೇ, ಒಂದೇ ಟಿಪ್ಪಣಿಯೊಂದಿಗೆ, ಐದು ನಿಮಿಷದೊಳಗೆ ಮಾಡಿದ ಚೆಕ್‌ಇನ್‌ಗಳನ್ನು ಒಂದು ಕಮಿಟ್ ಎಂದು ಕಟ್ಟುವ ಸ್ಕ್ರಿಪ್ಟ್ ಬರೆದೆವು. ಆ 11 ನಿಮಿಷದ ಗಡಿಯಾರ ಇಲ್ಲೂ ಕಾಡಿತು. ಆ ಕಂಪ್ಯೂಟರಿನ ಚೆಕ್‌ಇನ್‌ಗಳಿಂದ ಅಷ್ಟು ಕಳೆದು ನೋಡಿದಾಗ ಅನುಕ್ರಮ ಬಹುಪಾಲು ಕೂಡಿಬಂತು, ಎಲ್ಲವೂ ಅಲ್ಲ. ಓದಲಾಗದ ಆವೃತ್ತಿಗಳು 212 ಇದ್ದವು. ಅವನ್ನು ದಾಟಿ ಮುಂದೆ ಹೋಗಿಬಿಡುವುದು ಸುಲಭವಿತ್ತು. ಹಾಗೆ ಮಾಡಿದರೆ ನಾವೂ ಆ ರಿಪೇರಿ ಪ್ರೋಗ್ರಾಮಿನ ಹಾಗೇ ಆಗುತ್ತೇವೆ ಎಂದು ಟೆಸ್ಟರ್ ತಕರಾರು ತೆಗೆದರು. ಅವರು ಹೇಳಿದ್ದು ಸರಿ. ಪ್ರತಿಯೊಂದರ ಜಾಗದಲ್ಲೂ "ಈ ಆವೃತ್ತಿ ಓದಲಾಗಲಿಲ್ಲ" ಎಂದು ಟಿಪ್ಪಣಿಯಲ್ಲೇ ಬರೆದೆವು.

ಆಮೇಲೆ ಎಲ್ಲರ ಮುಚ್ಚಿಟ್ಟ ಗಂಟುಗಳು ಹೊರಬಂದವು. ದಿನಾಂಕ ಹಾಕಿದ ಜಿಪ್‌ಗಳು, ತಮಗೆ ತಾವೇ ಕಳಿಸಿಕೊಂಡ ಮೇಲ್‌ಗಳು. ಇಷ್ಟು ದಿನ ಯಾವುದನ್ನು ಅಶಿಸ್ತು ಎನ್ನುತ್ತಿದ್ದೆವೋ ಅದರಿಂದಲೇ 212ರಲ್ಲಿ 140 ಆವೃತ್ತಿಗಳು ಮರಳಿ ಸಿಕ್ಕವು. ಹಳೆಯ ರೆಪಾಸಿಟರಿಯನ್ನು ಅಳಿಸಲಿಲ್ಲ, ಓದಲು ಮಾತ್ರ ತೆರೆದಿಟ್ಟೆವು.

ಬಂದ ಮೇಲೆ

"ಇನ್ನೇನೂ ಭಯವಿಲ್ಲವಲ್ಲ" ಎಂದು ಮ್ಯಾನೇಜರ್ ಕೇಳಿದಾಗ ಕೆಡಿಇ ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಗೆ 2013ರ ಮಾರ್ಚ್‌ನಲ್ಲಿ ಆದದ್ದನ್ನು ಹೇಳಿದೆ. ಸುಮಾರು 1500 ಗಿಟ್ ರೆಪೊಗಳಿದ್ದ ಅವರ ಮುಖ್ಯ ಸರ್ವರ್‌ನಲ್ಲಿ ಫೈಲ್‌ಸಿಸ್ಟಂ ಕೆಟ್ಟಿತ್ತು. ಮಿರರ್ ಸರ್ವರ್‌ಗಳು ಇದ್ದವು, ಆದರೆ ಅವು ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿ ಕೆಟ್ಟದ್ದನ್ನೇ ನಕಲು ಮಾಡಿಕೊಂಡವು. ಒಂದು ಸರ್ವರ್‌ನಲ್ಲಿ ಒಳ್ಳೆಯ ಪ್ರತಿ ಉಳಿದಿದ್ದರಿಂದ ಅವರು ಪಾರಾದರು. ಗಿಟ್ ಹಾಳನ್ನು ಗುರುತಿಸಬಲ್ಲದು, ಆದರೆ ನಾವು ಪರೀಕ್ಷಿಸಿ ಎಂದು ಕೇಳಬೇಕು. ಹಾಗಾಗಿ ನಮ್ಮ ಸರ್ವರ್‌ನಲ್ಲಿ ಪ್ರತಿ ರಾತ್ರಿ ಗಿಟ್‌ನ ಪರೀಕ್ಷಾ ಆಜ್ಞೆಯಾದ ಎಫ್‌ಎಸ್‌ಸಿಕೆ ಓಡುತ್ತದೆ. ಅದು ತಪ್ಪಿಲ್ಲದೆ ಮುಗಿದ ಮೇಲೆ ಮಾತ್ರ ಬ್ಯಾಕಪ್, ಅದೂ ಹಿಂದಿನದರ ಮೇಲೆ ಬರೆಯದೆ ದಿನಾಂಕದ ಪ್ರಕಾರ ಬೇರೆಬೇರೆಯಾಗಿ. ತಿಂಗಳಿಗೊಮ್ಮೆ ಒಂದು ಬ್ಯಾಕಪ್‌ನಿಂದ ರೆಪೊ ಎತ್ತಿ ಬಿಲ್ಡ್ ಮಾಡಿ ನೋಡುತ್ತೇವೆ.

ಮೂರನೇ ವಾರದಲ್ಲೇ ಒಬ್ಬರು ಫೋರ್ಸ್ ಪುಶ್ ಮಾಡಿ, ಅಂದರೆ ಸರ್ವರ್‌ನಲ್ಲಿದ್ದುದರ ಮೇಲೆ ತಮ್ಮದನ್ನು ಬಲವಂತವಾಗಿ ಹೇರಿ, ಇಬ್ಬರ ಕಮಿಟ್‌ಗಳು ಬ್ರಾಂಚ್‌ನಿಂದ ಹೊರಬಿದ್ದವು. ಕೋಣೆಯಲ್ಲಿ ಹಳೆಯ ಮೌನ ಮರಳಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳೆದುಹೋಗಿದ್ದ ಕಮಿಟ್‌ಗಳು ಬರೆದವರ ಕಂಪ್ಯೂಟರಿನಲ್ಲೇ ಇದ್ದವು, ಬ್ರಾಂಚ್ ಹಿಂದೆ ಯಾವ ಕಮಿಟ್‌ಗಳ ಮೇಲಿತ್ತು ಎಂದು ಗಿಟ್ ಬರೆದಿಡುವ ರಿಫ್‌ಲಾಗ್ ನೋಡಿ ಹತ್ತು ನಿಮಿಷದಲ್ಲಿ ಮರಳಿ ತಂದೆವು, ಸರ್ವರ್‌ನಲ್ಲಿ ಫೋರ್ಸ್ ಪುಶ್‌ಗೆ ತಡೆ ಹಾಕಿದೆವು. ಆ ಹತ್ತು ನಿಮಿಷ ನನ್ನ ಯಾವ ಪಾಠಕ್ಕಿಂತ ಹೆಚ್ಚು ಕೆಲಸ ಮಾಡಿತು. ಆ ದಿನದಿಂದ ಜನ ಸಣ್ಣ ಸಣ್ಣ ಕಮಿಟ್ ಮಾಡತೊಡಗಿದರು. ಸಂಜೆ ಜಿಪ್ ಮಾಡುತ್ತಿದ್ದವರು ಮಾತ್ರ ಇನ್ನೂ ಮಾಡುತ್ತಾರೆ. ನಾನು ಬೇಡ ಎಂದಿಲ್ಲ.

ಸಾಗಣೆಯ ಕೊನೆಯ ದಿನ ಕಿರಿಯ ಸಹೋದ್ಯೋಗಿ ಆ ಎರಡು ಫೈಲ್‌ಗಳನ್ನು ತಂದುಕೊಟ್ಟರು. ನಾನು ಮರೆತಿರುತ್ತೀರಿ ಎಂದ ದಿನವೇ ಅವರು ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಬೇರೆ ಕಡೆ ಎತ್ತಿಟ್ಟಿದ್ದರಂತೆ. ಗಿಟ್‌ನಲ್ಲಿ ಬರೆದವರ ದಿನಾಂಕ ಬೇರೆ, ಕಮಿಟ್ ಆದ ದಿನಾಂಕ ಬೇರೆ. ಆ ಎರಡನ್ನೂ ಅವರ ಹೆಸರಿನಲ್ಲಿ, ಅವರು ಬರೆದ ದಿನದ ದಿನಾಂಕದೊಂದಿಗೆ ಸೇರಿಸಿದೆವು. ಟಿಪ್ಪಣಿಯಲ್ಲಿ ಏನು ಬರೆಯಬೇಕು ಎಂದು ಅವರನ್ನೇ ಕೇಳಿದೆ. ಅವರು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ಬರೆದರು: "ಬಿಲ್ ಮೊತ್ತದ ತಿದ್ದುಪಡಿ. ಮೂರು ಫೈಲ್‌ಗಳಲ್ಲಿ ಉಳಿದ ಎರಡು."